ಹೆಂಡಿ ಹೊಲಕ್ಕೆ ಹೋದರೆ ಬಂಗಾರ, ಬಾವಿಗೆ ಇಳಿದರೆ ವಿಷ

ಅತನೂರ (ಅಫಜಲಪುರ ತಾಲೂಕು): ಭೀಮಾ ನದಿ ಬತ್ತಿದರೆ ಅಫಜಲಪುರದ ಮಂದಿ ರಸ್ತೆಗೆ ಇಳಿಯುತ್ತಾರೆ. 2024ರ ಬೇಸಿಗೆಯಲ್ಲಿ ಧರಣಿ, ಉಪವಾಸ ಎಲ್ಲ ಆದವು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಡಿಸಿರಿ ಎಂದು ಕೂಗು ಎದ್ದಿತು. ಅದು ತಪ್ಪಲ್ಲ. ನೀರಡಿಸಿದವನ ಸಂಕಟ ನೀರಡಿಸಿದವನಿಗೇ ಗೊತ್ತು. ಆದರೆ ಎಷ್ಟು ನೀರು ಎಂದು ಕೇಳುವ ಬಾಯಿಗಳು, ಎಂಥಾ ನೀರು ಎಂದು ಕೇಳುವುದು ಯಾವಾಗ?

ಕೇಳಿದರೂ ಬೆರಳು ದೂರಕ್ಕೇ ಹೋಗುತ್ತದೆ. ಪುಣೆಯ ಗಟಾರ, ಸೋಲಾಪುರದ ಗಟಾರ, ಸಕ್ಕರೆ ಕಾರ್ಖಾನೆಯ ಹೊಲಸು ನೀರು. ಅವುಗಳ ಪಾಲು ಇಲ್ಲ ಅನ್ನುವಂತಿಲ್ಲ. ಅವು ದೊಡ್ಡವು, ದೂರದವು, ಬೈಯಲು ಅನುಕೂಲ. ಮನೆ ಹಿಂದಿನ ತಿಪ್ಪೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಟ್ಟಿಗೆ ತೊಳೆದ ನೀರು ಬಾಗಿಲ ಮುಂದಿನ ಗಟಾರಕ್ಕೆ ಇಳಿಯುತ್ತದೆ, ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ನಡುವೆ ಬಾವಿ ಇದ್ದರೆ ಬಾವಿಗೂ ಸ್ವಲ್ಪ ಪಾಲು. ‘ದನದ ಹೆಂಡಿಯಿಂದ ಏನಾಗ್ತದರಿ, ಅದು ಪವಿತ್ರ ಅಲ್ಲೇನು?’ ಎಂಬ ಮಾತು ಕಟ್ಟೆ ಮೇಲೆ ಸಿದ್ಧವಾಗಿಯೇ ಇರುತ್ತದೆ.

ಪವಿತ್ರ ಇರಬಹುದು. ಅಂಗಳ ಸಾರಿಸಲಿಕ್ಕೆ, ಕುಳ್ಳು ತಟ್ಟಲಿಕ್ಕೆ, ಹೊಲಕ್ಕೆ ಹಾಕಲಿಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕುಡಿಯುವ ನೀರಿಗೆ ಕೂಡಿದಾಗ ಮಾತ್ರ ಅದರ ಗುಣ ಬೇರೆ.

ಹಾಲು ಸಂಘಕ್ಕೆ, ಉಳಿದದ್ದು ಗಟಾರಕ್ಕೆ

ಹಾಲಿನ ವಿಷಯದಲ್ಲಿ ಕಲಬುರಗಿ ಜಿಲ್ಲೆ ಕೋಲಾರವೂ ಅಲ್ಲ, ಹಾಸನವೂ ಅಲ್ಲ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಡೇರಿ ಅಭಿವೃದ್ಧಿ ನಿಗಮ ಹುಟ್ಟಿತು. 1984ರಲ್ಲಿ ಅದು ಹಾಲು ಮಹಾಮಂಡಳವಾಯಿತು. ಹಳೆ ಮೈಸೂರಿನ ಕಡೆ ಊರೂರಿಗೆ ಹಾಲಿನ ಸಂಘ ಎದ್ದವು. ಕಲಬುರಗಿ, ಬೀದರ, ಯಾದಗಿರಿ ಕೂಡಿದ ಒಕ್ಕೂಟ ಇಂದಿಗೂ ಆ ಕಡೆಯವರಿಗೆ ಸಾಟಿ ಆಗಿಲ್ಲ. ಹಾಗಾಗಿ ಇಲ್ಲಿ ಹೈನ ಬೆಳೆಯಬೇಕು, ಬೆಳೆಸಬೇಕು ಎಂಬ ಮಾತು ಪ್ರತಿ ಸಭೆಯಲ್ಲೂ ಕೇಳುತ್ತದೆ. ಸರಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನದ ಯೋಜನೆ ಇಟ್ಟದ್ದೂ ಅದಕ್ಕೇ. ತೊಗರಿ ಕೈಕೊಟ್ಟ ವರ್ಷ ಮನೆ ನಡೆಸುವುದು ಎರಡು ಎಮ್ಮೆ, ಒಂದು ಆಕಳು. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಈಗ ಇನ್ನೊಂದು ಲೆಕ್ಕ ನೋಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೈನುಗಾರಿಕೆಗೆ ಒಂದು ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ 400 ಕಿಲೋ ತೂಕದ ಒಂದು ದನ ದಿನಕ್ಕೆ 15ರಿಂದ 20 ಕಿಲೋ ಹೆಂಡಿ, 15ರಿಂದ 20 ಲೀಟರ್ ಉಚ್ಚಿ ಹಾಕುತ್ತದೆ. ಒಂದು ಊರಿನಲ್ಲಿ 500 ದನ ಇವೆ ಎಂದು ಹಿಡಿಯಿರಿ. ಕಡಿಮೆ ಲೆಕ್ಕ ಹಿಡಿದರೂ ದಿನಕ್ಕೆ ಏಳೂವರೆ ಟನ್ ಹೆಂಡಿ, 7,500 ಲೀಟರ್ ಉಚ್ಚಿ. ಇದು ಒಂದು ದಿನದ್ದು. ವರ್ಷಕ್ಕೆ 365 ದಿನ.

ಹಾಲು ಡಬ್ಬಿಯಲ್ಲಿ ತುಂಬಿ ಸಂಘಕ್ಕೆ ಹೋಗುತ್ತದೆ. ಅಲ್ಲಿ ಫ್ಯಾಟ್ ನೋಡುತ್ತಾರೆ, ಲೀಟರ್ ಬರೆಯುತ್ತಾರೆ, ರೊಕ್ಕ ಕೊಡುತ್ತಾರೆ. ಉಳಿದದ್ದಕ್ಕೆ ಲೆಕ್ಕವೂ ಇಲ್ಲ, ಬುಕ್ಕೂ ಇಲ್ಲ.

ಹಾಗಾದರೆ ಹಿಂದೆ ದನ ಇರಲಿಲ್ಲವೇ? ಇದ್ದವು, ಇಂದಿಗಿಂತ ದಂಡಿಯಾಗಿಯೇ ಇದ್ದವು. ಆದರೆ ಬದುಕಿನ ರೀತಿ ಬೇರೆ ಇತ್ತು. ದೇವಣಿ ಎತ್ತು, ಪಂಢರಪುರಿ ಎಮ್ಮೆ ಹಗಲೆಲ್ಲ ಅಡವಿಯಲ್ಲಿ ಮೇಯುತ್ತಿದ್ದವು. ಅರ್ಧ ಹೆಂಡಿ ಅಲ್ಲೇ ಬೀಳುತ್ತಿತ್ತು. ರಾತ್ರಿ ಕೊಟ್ಟಿಗೆಯಲ್ಲಿ ಬಿದ್ದದ್ದನ್ನು ಕಸಕಡ್ಡಿ, ಕಣಿಕೆಯ ಉಳಿಕೆಯ ಜೊತೆ ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಒಗೆಯುತ್ತಿದ್ದರು. ಉಚ್ಚಿಯನ್ನು ಆ ಕಸವೇ ಹೀರಿಕೊಳ್ಳುತ್ತಿತ್ತು. ನೀರು ಸೇದುವುದೇ ಕಷ್ಟ, ಇನ್ನು ಕೊಟ್ಟಿಗೆ ತೊಳೆಯಲು ನೀರೆಲ್ಲಿಂದ ಬರಬೇಕು? ಕಾರಹುಣ್ಣಿಮೆಗಿಂತ ಮೊದಲು ಬಂಡಿ ಕಟ್ಟಿ ತಿಪ್ಪೆ ಬಳಿದು ಹೊಲಕ್ಕೆ ಸಾಗಿಸುತ್ತಿದ್ದರು.

ಈಗ ಸೀಮೆ ಆಕಳು ಬಂದಿದೆ. ಅದು ಅಡವಿಗೆ ಹೋಗುವುದಿಲ್ಲ. ಇಪ್ಪತ್ನಾಲ್ಕು ತಾಸು ನಿಂತಲ್ಲೇ ಮೇವು, ನಿಂತಲ್ಲೇ ಹೆಂಡಿ. ಕೆಳಗೆ ಸಿಮೆಂಟ್ ನೆಲ, ಮೂಲೆಯಲ್ಲಿ ಮೋಟಾರು, ಕೈಯಲ್ಲಿ ಪೈಪು. ದಿನಕ್ಕೆ ಎರಡು ಸಲ ತೊಳೆದರೆ ಕೊಟ್ಟಿಗೆ ಸ್ವಚ್ಛ, ಹಾಲೂ ಸ್ವಚ್ಛ. ಆದರೆ ಗಟ್ಟಿ ಹೆಂಡಿ ಕೂತಲ್ಲಿ ಕೂಡುತ್ತದೆ, ನೀರು ಕೂಡಿದ ರಾಡಿ ಹರಿದು ಹೋಗುತ್ತದೆ. ತೊಂದರೆ ಶುರುವಾಗುವುದು ಇಲ್ಲಿಂದ. ದನ ಹೆಚ್ಚಾದುದಕ್ಕಿಂತ, ಹೆಂಡಿಗೆ ನೀರು ಕೂಡಿದ್ದೇ ಮುಖ್ಯ ಕಾರಣ.

ಕಣ್ಣಿಗೆ ಕಾಣದ ವಿಷ

ಹೊಲಸು ನೀರೆಂದರೆ ವಾಸನೆ ಬರಬೇಕು, ಬಣ್ಣ ಕೆಡಬೇಕು ಎಂಬುದು ಸಾಮಾನ್ಯ ನಂಬಿಕೆ. ನೈಟ್ರೇಟ್ ಎಂಬ ವಸ್ತುವಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಹೆಂಡಿ ಮತ್ತು ಉಚ್ಚಿಯಲ್ಲಿರುವ ಸಾರಜನಕ ಮೊದಲು ಅಮೋನಿಯಾ ಆಗುತ್ತದೆ. ತಿಪ್ಪೆಯ ಹತ್ತಿರ ಮೂಗಿಗೆ ಬಡಿಯುವ ಘಾಟು ಅದರದ್ದೇ. ಆಮೇಲೆ ಮಣ್ಣಿನ ಸೂಕ್ಷ್ಮ ಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಬೆಳೆ ಇದ್ದರೆ ಬೇರು ಎಳೆದುಕೊಳ್ಳುತ್ತದೆ, ಅದೇ ಗೊಬ್ಬರ. ಬೆಳೆ ಇಲ್ಲದ ಕಡೆ ಅದು ಮಣ್ಣಿಗೆ ಅಂಟಿ ಕೂಡುವುದಿಲ್ಲ. ಮಳೆ ನೀರಿನ ಜೊತೆ ಕೆಳಗಿಳಿದು ಅಂತರ್ಜಲ ಸೇರುತ್ತದೆ.

ಅಫಜಲಪುರ, ಆಳಂದ ಕಡೆಯ ಭೂಮಿಯೂ ಇದಕ್ಕೆ ದಾರಿ ಮಾಡಿಕೊಡುತ್ತದೆ. ಮೇಲೆ ಎರೆಮಣ್ಣು, ಕೆಳಗೆ ಕರಿಕಲ್ಲು. ಎರೆಮಣ್ಣು ತೊಯ್ದಾಗ ನೀರನ್ನು ಸುಲಭಕ್ಕೆ ಬಿಡುವುದಿಲ್ಲ, ನಿಜ. ಆದರೆ ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಿರಿಯುತ್ತದೆ. ಮೊದಲ ಮುಂಗಾರು ಮಳೆಗೆ ತಿಪ್ಪೆಯ ರಸ ಆ ಬಿರುಕಿನಲ್ಲಿ ನೇರ ಇಳಿಯುತ್ತದೆ. ಕೆಳಗಿನ ಕಲ್ಲಿನಲ್ಲೂ ಸೀಳುಗಳಿವೆ. ಬಾವಿಗೆ, ಬೋರಿಗೆ ನೀರು ಬರುವುದು ಅದೇ ಸೀಳಿನಿಂದ. ನೀರು ಬರುವ ದಾರಿಯಲ್ಲೇ ಹೊಲಸೂ ಬರುತ್ತದೆ.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದೆಂದು ಭಾರತೀಯ ಮಾನಕ ಸಂಸ್ಥೆಯ ನಿಯಮ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವಾರ್ಷಿಕ ವರದಿ ನೋಡಿದರೆ, ಕರ್ನಾಟಕದಲ್ಲಿ ಪರೀಕ್ಷೆ ಮಾಡಿದ ನೀರಿನ ಮಾದರಿಗಳಲ್ಲಿ ನೂರಕ್ಕೆ ಸುಮಾರು 49 ಈ ಮಿತಿ ದಾಟಿವೆ. ಅಂದರೆ ಹತ್ತಿರ ಹತ್ತಿರ ಅರ್ಧ! ರಾಜಸ್ಥಾನದ ನಂತರ ಕರ್ನಾಟಕದ್ದೇ ಸರದಿ. ದೇಶದಲ್ಲಿ 2017ರಲ್ಲಿ 359 ಜಿಲ್ಲೆಗಳಲ್ಲಿ ಈ ತೊಂದರೆ ಇತ್ತು. 2023ರ ಹೊತ್ತಿಗೆ 440 ಜಿಲ್ಲೆಗಳಿಗೆ ಹಬ್ಬಿತು. ಇದೆಲ್ಲ ದನದಿಂದಲೇ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಲಕ್ಕೆ ಎರಚುವ ಯೂರಿಯಾ ಇದೆ, ಶೌಚಾಲಯದ ಗುಂಡಿ ಇದೆ, ಊರ ಗಟಾರ ಇದೆ. ಆ ಸಾಲಿನಲ್ಲಿ ತಿಪ್ಪೆ, ಕೊಟ್ಟಿಗೆಯೂ ನಿಂತಿವೆ.

ಇದರಿಂದ ಯಾರಿಗೆ ಏನು ಕೇಡು? 1945ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಒಂದು ವಿಚಿತ್ರ ಕಂಡರು. ಹಳ್ಳಿಯ ಹಸುಗೂಸುಗಳ ಮೈ ನೀಲಿ ತಿರುಗುತ್ತಿತ್ತು. ಹೃದಯದ ರೋಗ ಅಲ್ಲ. ಹುಡುಕಿದರೆ ಕಾರಣ ಸಿಕ್ಕಿದ್ದು ಒಕ್ಕಲುಮನೆಯ ಬಾವಿ ನೀರಿನಲ್ಲಿ. ಆ ನೀರು ಕೂಡಿಸಿದ ಹಾಲನ್ನು ಕೂಸಿಗೆ ಕುಡಿಸುತ್ತಿದ್ದರು. ನೀರಿನ ನೈಟ್ರೇಟ್ ಹೊಟ್ಟೆಯಲ್ಲಿ ಬದಲಾಗಿ, ರಕ್ತ ಪ್ರಾಣವಾಯು ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತಿತ್ತು. ಆರು ತಿಂಗಳೊಳಗಿನ ಕೂಸಿಗೆ ಈ ಭಯ ಹೆಚ್ಚು. ತಾಯಿ ಹಾಲು ಕುಡಿಯುವ ಕೂಸಿಗೆ ಭಯ ಇಲ್ಲ. ಪುಡಿ ಹಾಲಿಗೋ, ಆಕಳ ಹಾಲಿಗೋ ಬಾವಿ ನೀರು ಕೂಡಿಸಿ ಕುಡಿಸುವ ಮನೆಗಳಲ್ಲೇ ಎಚ್ಚರ ಬೇಕು.

ಇಲ್ಲಿ ಇನ್ನೊಂದು ಮಾತು ಹೆಣ್ಣುಮಕ್ಕಳ ಕಿವಿಗೆ ಬೀಳಲೇಬೇಕು. ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದರೂ ಅದು ಅಲ್ಲೇ ಇರುತ್ತದೆ. ಹಾಗಂತ ಕಾಯಿಸುವುದು, ಪೌಡರ್ ಹಾಕುವುದು ಬಿಡಬಾರದು. ವಾಂತಿಭೇದಿಯ ಕ್ರಿಮಿ ಸಾಯುವುದು ಅದರಿಂದಲೇ. ನೈಟ್ರೇಟಿಗೆ ಮಾತ್ರ ಅದು ಮದ್ದಲ್ಲ. ಊರಿನ ಆರ್.ಓ. ಫಿಲ್ಟರ್ ಘಟಕ ಅದನ್ನು ತೆಗೆಯುತ್ತದೆ. ಘಟಕ ನಡೆಯುತ್ತಿದ್ದರೆ!

ಕೇಡು ಮನುಷ್ಯರಿಗಷ್ಟೇ ಅಲ್ಲ. ಆಕಳು, ಎಮ್ಮೆಯ ಹೊಟ್ಟೆಯೊಳಗೂ ನೈಟ್ರೇಟ್ ವಿಷವಾಗುತ್ತದೆ. ಮಳೆ ಕೊರತೆಯಿಂದ ಬಾಡಿದ ಹಸಿ ಜೋಳದ ಮೇವಿನಲ್ಲಿ ಅದು ಮೊದಲೇ ತುಂಬಿರುತ್ತದೆ. ಅದರ ಮೇಲೆ ಕೆಟ್ಟ ಬಾವಿಯ ನೀರು ಕುಡಿಸಿದರೆ ಎರಡೂ ಕಡೆಯಿಂದ ಏಟು. ದನ ಹಾಕಿದ್ದು ಕೊನೆಗೆ ದನದ ಬಾಯಿಗೇ ಬರುತ್ತದೆ.

ಹಳ್ಳ ದಾಟಿ ಹೊಳೆಗೆ

ಬಾವಿಯ ಮಾತಾಯಿತು. ಹಳ್ಳಕ್ಕೆ ಹೋದ ರಾಡಿಯ ಕತೆ ಬೇರೆ. ನೀರಿನ ಹೊಲಸನ್ನು ಅಳೆಯಲು ಬಿ.ಓ.ಡಿ. ಎಂಬ ಒಂದು ಅಳತೆ ಇದೆ. ಹೊಲಸನ್ನು ಕರಗಿಸಲು ನೀರಿನೊಳಗಿನ ಪ್ರಾಣವಾಯು ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕ ಅದು. ಹೆಚ್ಚಾದಷ್ಟೂ ಮೀನು ಸಾಯುತ್ತವೆ, ನೀರು ನಾರುತ್ತದೆ. ಜಳಕದ ನೀರಿನಲ್ಲಿ ಇದು ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ಮಂದಿಯ ಗಟಾರದ ನೀರಿನಲ್ಲಿ 200–300 ಇರುತ್ತದೆ. ಗಟ್ಟಿ ಹೆಂಡಿ ರಾಡಿಯಲ್ಲಿ 10,000 ದಾಟುತ್ತದೆ. ಕೆಟ್ಟಿತೆಂದು ಚೆಲ್ಲಿದ ಹಾಲಿನಲ್ಲಿ 1,00,000ದ ಆಸುಪಾಸು! ಅಮೃತವೆನ್ನುವ ಹಾಲೇ ಹಳ್ಳಕ್ಕೆ ಬಿದ್ದರೆ ಗಟಾರಕ್ಕಿಂತ ಕೆಟ್ಟದ್ದು.

ಕೇಂದ್ರ ಮಂಡಳಿ 2018ರಲ್ಲಿ ದೇಶದ 351 ಕೆಟ್ಟ ನದಿ ಪಾತ್ರಗಳ ಪಟ್ಟಿ ಮಾಡಿತು. ಅದರಲ್ಲಿ ಕರ್ನಾಟಕದವು 17. ಭೀಮಾ ನದಿಯೂ ಆ ಪಟ್ಟಿಯಲ್ಲಿ ಇತ್ತು, ಗಾಣಗಾಪುರದಿಂದ ಯಾದಗಿರಿವರೆಗೆ. ದರ್ಜೆ ಐದನೆಯದು, ಅಂದರೆ ಕೆಟ್ಟವುಗಳಲ್ಲಿ ಕಡಿಮೆ ಕೆಟ್ಟದ್ದು. ಸಮಾಧಾನ ಪಡುವವರು ಪಡಬಹುದು. ಆದರೆ ಗಾಣಗಾಪುರ ಎಂದರೆ ಯಾವುದು? ಇದೇ ಅಫಜಲಪುರ ತಾಲೂಕಿನ ದತ್ತನ ಕ್ಷೇತ್ರ. ಭೀಮಾ–ಅಮರ್ಜಾ ಸಂಗಮದಲ್ಲಿ ಮಹಾರಾಷ್ಟ್ರ, ತೆಲಂಗಾಣದಿಂದ ಬಂದ ಭಕ್ತರು ಮುಳುಗಿ ಏಳುವ ಜಾಗ. ಅಮರ್ಜಾ ಹರಿದು ಬರುವುದು ಆಳಂದದ ಕಡೆಯಿಂದ, ದಾರಿಯ ಹಳ್ಳಗಳನ್ನೆಲ್ಲ ಕೂಡಿಸಿಕೊಂಡು. ಹಳ್ಳಕ್ಕೆ ನಾವು ಏನು ಹಾಕುತ್ತೇವೆಯೋ ಅದು ಒಂದು ದಿನ ಸಂಗಮ ಮುಟ್ಟುತ್ತದೆ.

ಇನ್ನು ಪ್ರವಾಹ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ಊರುಗಳಿಗೆ ನುಗ್ಗಿತು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಪಾಡು. ಅಂಥ ನೀರು ದಂಡೆಯ ತಿಪ್ಪೆಯನ್ನೂ ತೊಳೆಯುತ್ತದೆ, ಬಾವಿಯನ್ನೂ ತುಂಬಿಸುತ್ತದೆ. ಮನೆ ಬಿದ್ದದ್ದಕ್ಕೆ ಪರಿಹಾರ ಉಂಟು, ಬೆಳೆ ಹೋದದ್ದಕ್ಕೆ ಸಮೀಕ್ಷೆ ಉಂಟು. ಬಾವಿ ಕೆಟ್ಟದ್ದಕ್ಕೆ ಯಾವ ಸಮೀಕ್ಷೆ?

ನಳದ ನೀರು ಬಂತಲ್ಲ, ಬಾವಿ ಗೊಡವೆ ಯಾಕೆ ಎನ್ನುವವರೂ ಇದ್ದಾರೆ. ನಳದ ಪೈಪು ಎಲ್ಲಿ ಹಾಯುತ್ತದೆ, ಸ್ವಲ್ಪ ಬಗ್ಗಿ ನೋಡಬೇಕು. ಎಷ್ಟೋ ಊರುಗಳಲ್ಲಿ ಗಟಾರದ ಬಗಲಲ್ಲೇ, ಕೆಲವು ಕಡೆ ಗಟಾರದೊಳಗೇ. ನೀರು ಬಿಡುವುದು ತಾಸೆರಡು ತಾಸು. ಉಳಿದ ಹೊತ್ತು ಪೈಪು ಖಾಲಿ. ಸಣ್ಣ ಸೀಳು ಇದ್ದರೂ ಗಟಾರದ ರಾಡಿ ಒಳಗೆ ಜಗ್ಗುತ್ತದೆ. 2023ರ ಫೆಬ್ರುವರಿಯಲ್ಲಿ ಯಾದಗಿರಿ ಜಿಲ್ಲೆ ಗುರುಮಠಕಲ್ ತಾಲೂಕಿನ ಅನಪುರದಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹರಡಿ ಸಾವುಗಳಾದವು. ಅದೇ ವರ್ಷ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಸಾವುಗಳಾದವು. ಅಲ್ಲಿ ದನದ ಹೆಂಡಿಯೇ ಕಾರಣ ಎಂದು ಯಾರೂ ಹೇಳಿಲ್ಲ, ಇಲ್ಲಿಯೂ ಹೇಳುತ್ತಿಲ್ಲ. ಕುಡಿಯುವ ನೀರು ಕೆಟ್ಟರೆ ಊರಿನ ಗತಿ ಏನು ಎಂಬುದಕ್ಕೆ ಆ ಎರಡು ಹೆಸರು ಸಾಕು.

ಕಾಯಿದೆ ಎಲ್ಲಿ ನಿಂತಿದೆ?

ನೀರಿನ ಮಾಲಿನ್ಯ ತಡೆಯುವ ಕಾಯಿದೆ 1974ರಲ್ಲೇ ಬಂತು. ಅದೇ ವರ್ಷ ರಾಜ್ಯದ ಮಾಲಿನ್ಯ ಮಂಡಳಿಯೂ ಹುಟ್ಟಿತು. ಆದರೆ ಡೇರಿ ಕೊಟ್ಟಿಗೆಯನ್ನು ಕಾಯಿದೆ ಕಣ್ಣೆತ್ತಿ ನೋಡಲು 46 ವರ್ಷ ಬೇಕಾಯಿತು. ನುಗ್ಗೇಹಳ್ಳಿ ಜಯಸಿಂಹ ಎಂಬವರು ದೆಹಲಿಯ ಡೇರಿಗಳ ಹೊಲಸಿನ ವಿರುದ್ಧ ಹಸಿರು ನ್ಯಾಯಾಧಿಕರಣಕ್ಕೆ ಹೋದರು. ಆ ಪ್ರಕರಣದಲ್ಲಿ 2020ರಲ್ಲಿ ಆದೇಶವಾಯಿತು. ಕೇಂದ್ರ ಮಂಡಳಿಯ ಮಾರ್ಗಸೂಚಿ ಹೊರಬಿದ್ದದ್ದು ಆ ಪ್ರಕರಣದ ದೆಸೆಯಿಂದ. ಡೇರಿಗಳನ್ನು ಕಿತ್ತಳೆ ವರ್ಗಕ್ಕೆ, ಗೋಶಾಲೆಗಳನ್ನು ಹಸಿರು ವರ್ಗಕ್ಕೆ ಸೇರಿಸಿದರು. ಹೆಂಡಿಯನ್ನು ಗಟಾರಕ್ಕೆ ಬಿಡಬಾರದು, ಗೊಬ್ಬರವೋ ಗ್ಯಾಸೋ ಮಾಡಬೇಕು ಎಂದರು. 15 ಮತ್ತು ಅದಕ್ಕಿಂತ ಹೆಚ್ಚು ದನ ಇದ್ದವರು ಮಂಡಳಿಯ ಒಪ್ಪಿಗೆ ಪಡೆಯಬೇಕು ಎಂದರು.

ದೆಹಲಿಗೆ ಇದು ಸರಿ. ಒಂದೇ ಕಡೆ ನೂರು, ಇನ್ನೂರು ಎಮ್ಮೆ ಕಟ್ಟಿದ ಡೇರಿಗಳು ಅಲ್ಲಿವೆ. ನಮ್ಮ ಭಾಗದ ಹಳ್ಳಿಗಳಲ್ಲಿ 15 ದನ ಕಟ್ಟಿದವರು ಎಷ್ಟು ಮಂದಿ? ಎರಡು, ಮೂರು, ಹೆಚ್ಚೆಂದರೆ ಐದು. ನೂರು ಮನೆಯಲ್ಲಿ ಮೂರು ಮೂರು ಇದ್ದರೂ ಮುನ್ನೂರು ದನವಾಯಿತು. ದೆಹಲಿಯ ದೊಡ್ಡ ಡೇರಿಯಷ್ಟೇ ಹೆಂಡಿ, ಅಷ್ಟೇ ಉಚ್ಚಿ. ಆದರೆ ಕಾಯಿದೆಯ ಕಣ್ಣಿಗೆ ಅಲ್ಲಿ ಡೇರಿಯೇ ಇಲ್ಲ! ಜಿಂಕೆ ಹಾಯುವ ಕಣ್ಣಿನ ಬಲೆಯಲ್ಲಿ ಇರುವೆ ಹಿಡಿಯಲು ಹೋದಂತೆ.

ಹಾಗಂತ ಎರಡು ಎಮ್ಮೆ ಕಟ್ಟಿದ ಮುದುಕಿಗೆ ನೋಟೀಸು ಕೊಡಬೇಕೆಂಬುದು ಇಲ್ಲಿನ ವಾದವಲ್ಲ. ಕೊಟ್ಟರೆ ಅದು ಅನ್ಯಾಯ. ಊರನ್ನೇ ಒಂದು ಡೇರಿ ಎಂದು ನೋಡಬೇಕು ಎಂಬುದಷ್ಟೇ ವಾದ. ಹಾಗೆ ನೋಡಬೇಕಾದವರು ಬೆಂಗಳೂರಿನ ಮಂಡಳಿಯವರಲ್ಲ. 1993ರ ಪಂಚಾಯತ್ ರಾಜ್ ಕಾಯಿದೆ ಕುಡಿಯುವ ನೀರು, ಚರಂಡಿ, ನೈರ್ಮಲ್ಯವನ್ನು ಗ್ರಾಮ ಪಂಚಾಯಿತಿಯ ಹೆಗಲಿಗೇ ಹಾಕಿದೆ.

ದೊಡ್ಡವರು ಕೆಟ್ಟು ಕಲಿತದ್ದು

ಹಾಲಿನಲ್ಲಿ ಮುಂದುವರಿದ ದೇಶಗಳು ಈ ಪಾಠವನ್ನು ಕೆಟ್ಟ ಮೇಲೆ ಕಲಿತವು. ಯುರೋಪಿನವರು 1991ರಲ್ಲಿ ನೈಟ್ರೇಟ್ ನಿಯಮ ತಂದರು. ದನದ ಗೊಬ್ಬರದಿಂದ ಹೆಕ್ಟೇರಿಗೆ ವರ್ಷಕ್ಕೆ 170 ಕಿಲೋ ಸಾರಜನಕ ದಾಟಬಾರದೆಂದರು. ಅವರ ಲೆಕ್ಕದಲ್ಲಿ ಎರಡೂವರೆ ಎಕರೆಗೆ ಹೆಚ್ಚು ಕಡಿಮೆ ಎರಡು ಹಾಲಿನ ಆಕಳು. ನೆದರ್ಲೆಂಡ್ಸ್ ಸಣ್ಣ ದೇಶ, ಆಕಳು ವಿಪರೀತ. ಅಲ್ಲಿ 2019ರಲ್ಲಿ ಸಾರಜನಕದ ಮೇಲೆ ಕೋರ್ಟಿನ ತೀರ್ಪು ಬಂತು. ಸರಕಾರ ದನ ಕಡಿಮೆ ಮಾಡಿರಿ ಎಂದಿತು, ರೈತರು ಟ್ರಾಕ್ಟರ್ ತಂದು ಹೆದ್ದಾರಿ ಕಟ್ಟಿದರು. ಮೊದಲು ಸಾಲ ಕೊಟ್ಟು ದನ ಕಟ್ಟಿಸಿದರು, ಆಮೇಲೆ ಬಿಚ್ಚಿರಿ ಎಂದರು. ಸಿಟ್ಟು ಬರದೆ ಇರುತ್ತದೆಯೇ?

ಕಲಬುರಗಿ ಆ ಹಂತಕ್ಕೆ ಬಂದಿಲ್ಲ. ಹೈನ ಇಲ್ಲಿ ಈಗ ಬೆಳೆಯಬೇಕಾಗಿದೆ. ಹಿಂದೆ ಬಿದ್ದದ್ದರ ಒಂದೇ ಲಾಭ ಇದು: ದನ ಕಟ್ಟುವ ಮೊದಲೇ ಗುಂಡಿ ತೋಡಬಹುದು. ಈಗ ಮಾಡಿದರೆ ಸಲಿಕೆ, ಬುಟ್ಟಿ, ನಾಲ್ಕು ಚೀಲ ಸಿಮೆಂಟಿನಲ್ಲಿ ಮುಗಿಯುವ ಕೆಲಸ. ಅಂತರ್ಜಲ ಕೆಟ್ಟ ಮೇಲೆ ಕೋಟಿ ಸುರಿದರೂ ತೊಳೆಯಲಾಗದು.

ಆಗಬೇಕಾದ್ದು

ಮೊದಲನೆಯದು, ತಿಪ್ಪೆಯ ಜಾಗ. ಬಾವಿ, ಬೋರು, ನೀರಿನ ಟಾಕಿಯ ಮಗ್ಗುಲಲ್ಲಿ ತಿಪ್ಪೆ ಇರಬಾರದು, ಅವುಗಳಿಗಿಂತ ಎತ್ತರದಲ್ಲಂತೂ ಇರಲೇಬಾರದು. ತಳ ಗಟ್ಟಿ ಮಾಡಿ, ಸುತ್ತ ಒಡ್ಡು ಹಾಕಿ, ಮಳೆಗಾಲದಲ್ಲಿ ಮೇಲೆ ಹೊದಿಕೆ ಹೊದಿಸಬೇಕು. ಮಳೆಗೆ ತೊಯ್ದು ರಸ ಇಳಿದ ಗೊಬ್ಬರದಲ್ಲಿ ಸತ್ವವಾದರೂ ಎಲ್ಲಿ ಉಳಿದೀತು? ಊರೊಳಗೆ ಜಾಗ ಇಲ್ಲದವರಿಗೆ ಪಂಚಾಯಿತಿ ಊರ ಹೊರಗೆ ಜಾಗ ಗುರುತು ಮಾಡಿ ಕೊಡಬೇಕು.

ಎರಡನೆಯದು, ಮೊದಲು ಸಲಿಕೆ, ಆಮೇಲೆ ಪೈಪು. ಹೆಂಡಿಯನ್ನು ಒಣಗಾಗಿಯೇ ಬಳಿದು ತೆಗೆದರೆ ತೊಳೆಯಲು ನೀರೂ ಕಡಿಮೆ, ರಾಡಿಯೂ ಕಡಿಮೆ. ಉಚ್ಚಿಗೆ ಕೊಟ್ಟಿಗೆಯ ಮೂಲೆಯಲ್ಲಿ ತೊಟ್ಟಿ ಬೇಕು. ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಕೊಟ್ಟಿಗೆಗಳಿಗೆ ದುಡ್ಡು ಸಿಕ್ಕಿತು. ಆ ಯೋಜನೆಯ ಮಾರ್ಗಸೂಚಿಯಲ್ಲಿ ನೆಲ, ಗೋದಲಿಯ ಜೊತೆ ಉಚ್ಚಿ ಕೂಡುವ ತೊಟ್ಟಿಯೂ ಇತ್ತು. ಕಟ್ಟಿದ ಕೊಟ್ಟಿಗೆಗಳಲ್ಲಿ ತೊಟ್ಟಿ ಎಷ್ಟಿವೆ, ಪಂಚಾಯಿತಿ ಎಣಿಸಿ ಹೇಳಲಿ.

ಇದರಲ್ಲಿ ರೈತನ ಲಾಭವೂ ಇದೆ. 2025ರ ಮುಂಗಾರಿನಲ್ಲಿ ಒಂದು ಚೀಲ ಯೂರಿಯಾಕ್ಕೆ ರಾಜ್ಯದ ರೈತರು ಸೊಸೈಟಿ ಮುಂದೆ ಸಾಲು ನಿಂತರು. ಒಂದು ಹಾಲಿನ ದನ ವರ್ಷಕ್ಕೆ ಹಾಕುವ ಸಾರಜನಕ ಎರಡು ಚೀಲ ಯೂರಿಯಾಕ್ಕೆ ಕಡಿಮೆ ಇಲ್ಲ. ಅದರಲ್ಲಿ ದೊಡ್ಡ ಪಾಲು ಉಚ್ಚಿಯಲ್ಲಿ ಇರುತ್ತದೆ. ಮನೆಯ ಯೂರಿಯಾ ಗಟಾರಕ್ಕೆ ಬಿಟ್ಟು ಪೇಟೆಯ ಯೂರಿಯಾಕ್ಕೆ ಪಾಳಿ ಹಚ್ಚುವುದು ಯಾವ ಜಾಣತನ?

ಮೂರನೆಯದು, ಗೋಬರ್ ಗ್ಯಾಸ್. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ 50 ಕಿಲೋ ಹೆಂಡಿ ಸಾಕು, ಮೂರ್ನಾಲ್ಕು ದನದ್ದು. ಊರೊಟ್ಟಿನ ಘಟಕಕ್ಕೆ ಗೋಬರ್‌ಧನ್ ಯೋಜನೆಯಡಿ ಜಿಲ್ಲೆಗೆ 50 ಲಕ್ಷ ರೂಪಾಯಿವರೆಗೆ ನೆರವು ಇಟ್ಟಿದ್ದರು. ಆದರೆ ಒಂದು ನೆನಪಿರಲಿ. ಗ್ಯಾಸ್ ತೆಗೆದ ಮೇಲೂ ಸಾರಜನಕ ಬಗ್ಗಡದಲ್ಲೇ ಇರುತ್ತದೆ. ಅದು ಹೊಲಕ್ಕೆ ಹೋಗಬೇಕು. ಗಟಾರಕ್ಕೆ ಬಿಟ್ಟರೆ ಅಡುಗೆ ಆಯಿತು, ಬಾವಿ ಕೆಟ್ಟಿತು.

ನಾಲ್ಕನೆಯದು, ಪರೀಕ್ಷೆ. 2019ರಲ್ಲಿ ಶುರುವಾದ ಜಲ ಜೀವನ ಮಿಷನ್ ಪ್ರತಿ ಊರಿನಲ್ಲಿ ಐದು ಮಂದಿ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕೆಂದಿತು, ಅದಕ್ಕೆ ಕಿಟ್ಟೂ ಕೊಟ್ಟಿತು. ಆ ಕಿಟ್ಟಿನಲ್ಲಿ ನೈಟ್ರೇಟ್ ನೋಡಬಹುದು. ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ಪ್ರತಿ ಬಾವಿ, ಬೋರಿನ ನೀರು ನೋಡಿ, ಬಂದ ಅಂಕಿಯನ್ನು ಪಂಚಾಯಿತಿ ಬೋರ್ಡಿನ ಮೇಲೆ ಬರೆಯಬೇಕು. ಕಿಟ್ಟು ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರೆ ಅದನ್ನು ತೆಗೆಸುವುದು ಯಾರ ಕೆಲಸ?

ಐದನೆಯದು, ಹಾಲಿನ ಸಂಘ ಮತ್ತು ಬ್ಯಾಂಕು. ದನಕ್ಕೆ ಸಾಲ ಕೊಡುವಾಗ ಗೊಬ್ಬರದ ಗುಂಡಿ, ಉಚ್ಚಿ ತೊಟ್ಟಿಯ ಖರ್ಚನ್ನೂ ಅದರಲ್ಲೇ ಸೇರಿಸಲಿ. ಸಂಘದಲ್ಲಿ ದಿನಕ್ಕೆ ಎರಡು ಹೊತ್ತು ಹಾಲಿನ ಫ್ಯಾಟ್ ಅಳೆಯುತ್ತಾರೆ. ಆ ಹಾಲಿನ ಡಬ್ಬಿ ತೊಳೆಯುವ ನೀರನ್ನು ವರ್ಷಕ್ಕೆ ಎರಡು ಸಲವಾದರೂ ಅಳೆಯಬಾರದೇ?

ಇದರಲ್ಲಿ ವಿಧಾನಸೌಧ ಅಲುಗಾಡಿಸುವ ಕೆಲಸ ಒಂದೂ ಇಲ್ಲ. ಅತನೂರಿರಲಿ, ಕರಜಗಿ ಇರಲಿ, ಪಂಚಾಯಿತಿಯ ಒಂದು ಸಭೆಯಲ್ಲಿ ಠರಾವು ಮಾಡಿ ಶುರು ಮಾಡಬಹುದಾದದ್ದು. ತಿಪ್ಪೆ ಸರಿಸುವ ಮಾತು ಬಂದಾಗ ಮನೆ ಮನೆಯಲ್ಲಿ ಜಗಳ ಆದೀತು, ಜಾಗದ ತಕರಾರು ಎದ್ದೀತು, ಓಟಿನ ಲೆಕ್ಕ ನಡುವೆ ಬಂದೀತು. ಪಂಚಾಯಿತಿ ಸದಸ್ಯರು ಈ ಮಾತು ಎತ್ತಲು ಹಿಂದೆ ಮುಂದೆ ನೋಡುವುದು ಇದಕ್ಕೇ. ಉಜನಿಯ ಬಾಗಿಲು ತೆಗೆಸುವುದು ನಮ್ಮ ಕೈಯಲ್ಲಿಲ್ಲ, ಅದಕ್ಕೆ ಎರಡು ಸರಕಾರ ಕೂಡಬೇಕು. ಬಾವಿ ಬಾಯಿಯಿಂದ ತಿಪ್ಪೆ ಸರಿಸಲು ಊರೊಂದು ಕೂಡಿದರೆ ಸಾಕು. ಬರುವ ಗ್ರಾಮ ಸಭೆಯಲ್ಲಿ ಯಾವ ಊರು ಮೊದಲು ಕೂಡುತ್ತದೆ, ನೋಡಬೇಕು.